ಕೋಟೆ ಗೋಡೆಗೆ ಮೊಳೆ

ಎಲ್ಲ ತಂಟೆಯೂ ಶುರುವಾದದ್ದು ಒಂದು ಮೊಳೆಯಿಂದ. ಅದೂ ಹೊಡೆಯದೇ ಉಳಿದ ಮೊಳೆಯಿಂದ.

ಮಹಡಿಯ ಮನೆಗೆ ಬಾಡಿಗೆಗೆ ಬಂದ ಹೊಸದರಲ್ಲಿ, ಕನ್ನಡಿ ನೇತುಹಾಕೋಣವೆಂದು ಅವಳು ಗೋಡೆಗೆ ಮೊಳೆಯಿಟ್ಟು ಸುತ್ತಿಗೆ ಎತ್ತಿದ್ದಳು, ಅಷ್ಟೇ. ಬಾಗಿಲಲ್ಲಿ "ಖ್ಹುಂ... ಖ್ಹುಂ... ಖ್ಹ್ರೂಂ" ಎಂದು ಸದ್ದಾಯಿತು. ನೋಡಿದರೆ ಕೆಳಗಿನ ಮನೆಯ ಮಾಲೀಕರು. ಮಾತಿಗೆ ಮೊದಲು ಅವರು ಗಂಟಲು ಸರಿಮಾಡಿಕೊಳ್ಳುವುದೆಂದರೆ ಹಳೇ ಸ್ಕೂಟರನ್ನು ಚಳಿಯಲ್ಲಿ ಒದ್ದೊದ್ದು ಚಾಲೂ ಮಾಡಿದ ಹಾಗೆ.

"ಗೋಡೆಗೆ ಮೊಳೆ ಹೊಡೀಬೇಡಿಮ್ಮ. ತೂತು ಬಿದ್ರೆ ಆಮೇಲೆ ಮುಚ್ಚೋರ್ಯಾರು?"

ಕನ್ನಡಿ ಅಂದಿನಿಂದ ನೆಲದ ಮೇಲೇ ಗೋಡೆಗೊರಗಿ ಕೂತಿತು. ಮನೆಮಂದಿಯೆಲ್ಲ ಕುಕ್ಕರಗಾಲಲ್ಲಿ ಕೂತು ತಲೆ ಬಾಚಿಕೊಳ್ಳುವುದು ರೂಢಿಯಾಯಿತು.

ಆ ಹೊತ್ತಿಗಾಗಲೇ ಅವಳ ತಲೆಯೊಳಗೆ ಒಂದು ಕೋಟೆ ಎದ್ದಿತ್ತು. ಮಗಳಿಗೆ ಚರಿತ್ರೆಯ ಪಾಠ ಹೇಳಿಕೊಡುವಾಗ "ಬಹುಕಾಲದ ಮುತ್ತಿಗೆಯ ನಂತರ ಕೋಟೆ ಶರಣಾಯಿತು" ಎಂಬ ಸಾಲು ಬಂದಿತ್ತು. ಮಗಳು ಪೆನ್ಸಿಲ್ ಕಚ್ಚುತ್ತಾ, "ಅಷ್ಟು ದಿನ ಒಳಗಿದ್ದೋರಿಗೆಲ್ಲ ಅಡುಗೆ ಮಾಡಿ ಹಾಕಿದ್ದು ಯಾರಮ್ಮ?" ಎಂದು ಕೇಳಿದ್ದಳು. ಪುಸ್ತಕದಲ್ಲಿ ಉತ್ತರವಿರಲಿಲ್ಲ. ಇಲ್ಲದ ಉತ್ತರವನ್ನು ತಾನೇ ಬರೆಯಲು ಕೂತಳು ಅವಳು. ಕುಕ್ಕರಿನ ಒಂದು ಸೀಟಿಗೂ ಇನ್ನೊಂದು ಸೀಟಿಗೂ ನಡುವೆ ಒಂದು ಪ್ಯಾರಾ. ಬಟ್ಟೆ ನೆನೆಯುವಷ್ಟರಲ್ಲಿ ಒಂದು ಪುಟ. ಪೆನ್ಸಿಲ್ ಸದಾ ತುರುಬಿನಲ್ಲಿ. ಕೋಟೆಯ ದೊಡ್ಡ ಅಡುಗೆಯವಳೇ ನಾಯಕಿ. ಹಗೆಗಳು ಹೊರಗೆ, ಹಸಿದ ಬಾಯಿಗಳು ಒಳಗೆ, ನಡುವೆ ಖಾಲಿಯಾಗುತ್ತಿರುವ ಕಣಜ.

ಕತೆಗೆ ಒಬ್ಬ ಖಳ ಬೇಕಿತ್ತು. ಸುತ್ತಿಗೆ ಕೈಯಲ್ಲಿದ್ದಾಗಲೇ ಅವನು ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಂಡಿದ್ದ. ಹಾಗಾಗಿ ಅವಳ ಕಾದಂಬರಿಯ ಮುದಿಮಂತ್ರಿ ಮಾತಿಗೆ ಮೊದಲು "ಖ್ಹುಂ" ಎನ್ನುತ್ತಾನೆ. ವೈರಿ ಏಣಿ ಹಾಕಿ ಹತ್ತುತ್ತಿರುವಾಗ, ಗುರಾಣಿ ಕಟ್ಟಲು ಗೋಡೆಗೆ ಮೊಳೆ ಬಡಿಯಹೊರಟ ಸೈನಿಕರನ್ನು ತಡೆದು "ತೂತು ಮುಚ್ಚುವವರಾರು?" ಎಂದು ಕೇಳುತ್ತಾನೆ. ರಾಣಿ ಸುರಂಗದ ಮೆಟ್ಟಿಲ ನಡುವೆ ಇರುವಾಗಲೇ ಎಣ್ಣೆ ದಂಡವಾಗುತ್ತದೆಂದು ಪಂಜು ಆರಿಸುತ್ತಾನೆ. ಮಾಲೀಕರೂ ಅಷ್ಟೇ, ಜನ ಅರ್ಧ ಮೆಟ್ಟಿಲು ಹತ್ತಿರುವಾಗ ಬಲ್ಬು ಆರಿಸುತ್ತಿದ್ದರು.

ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಇಟ್ಟುಕೊಂಡು ಮರೆತೇಬಿಟ್ಟರು. ಇನ್ನೊಬ್ಬರು, "ಅಡುಗೆಮನೆ ತೆಗೆದುಹಾಕಿದರೆ ಒಳ್ಳೇ ಯುದ್ಧದ ಕಾದಂಬರಿ" ಎಂದರು. ಅಡುಗೆಮನೆ ತೆಗೆದರೆ ಉಳಿಯುವುದು ಕುದುರೆ ಲದ್ದಿ ಮಾತ್ರ ಎಂದುಕೊಂಡು, ತಾನೇ ಅಚ್ಚು ಹಾಕಿಸಲು ಹೊರಟಳು. ಬೀದಿ ಕೊನೆಯ ಪ್ರೆಸ್ಸಿನವರು ಅದುವರೆಗೆ ಮುದ್ರಿಸಿದ್ದು ಮದುವೆ ಕರೆಯೋಲೆ, ಬಿಲ್ ಪುಸ್ತಕ ಅಷ್ಟೇ. ಮೊದಲ ಕರಡಿನಲ್ಲಿ ಪ್ರತಿ ಪುಟದ ಸುತ್ತ ಹೂಬಳ್ಳಿ ಹಬ್ಬಿತ್ತು. ರಣರಂಗದ ಹೆಣಗಳ ಕೆಳಗೆ "ತಮ್ಮ ಆಗಮನಾಭಿಲಾಷಿಗಳು" ಎಂದಿತ್ತು.

ಎರಡನೆಯ ಕರಡು ನೋಡುವಾಗ ಅವಳಿಗೆ ಭಯ ಹತ್ತಿತು. ಮಾಲೀಕರು ಓದಿಬಿಟ್ಟರೆ? ಅಡುಗೆಮನೆ ಕಿಟಕಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆಳಕಿರುವ, ಮಗಳ ಶಾಲೆಯ ಗಂಟೆ ಕೇಳಿಸುವ ಇಂಥ ಮನೆ ಇನ್ನೆಲ್ಲಿ ಸಿಕ್ಕೀತು? ಮಂತ್ರಿ ಗಂಟಲು ಸರಿಮಾಡಿಕೊಳ್ಳುವ ಕಡೆಯೆಲ್ಲ "ಕಿವಿ ಎಳೆದುಕೊಂಡ" ಎಂದು ಕೆಂಪು ಶಾಯಿಯಲ್ಲಿ ತಿದ್ದಿ, ಮೊಳೆಯನ್ನೂ ಪಂಜನ್ನೂ ಹೊಡೆದುಹಾಕಿ ಕಳಿಸಿ, ನಿಶ್ಚಿಂತಳಾದಳು.

ಇವತ್ತು ಬೆಳಿಗ್ಗೆ ಪುಸ್ತಕದ ಕಟ್ಟುಗಳು ಬಂದವು. ಗಾಡಿಯವನು ಮೆಟ್ಟಿಲು ನೋಡಿದ್ದೇ, "ಇದನ್ನ ಹತ್ತಕ್ಕೆ ನಾನೇನು ಹಲ್ಲೀನಾ?" ಎಂದು ಎಲ್ಲವನ್ನೂ ಬೀದಿಯಲ್ಲಿ ಇಳಿಸಿ ಹೊರಟೇಬಿಟ್ಟ. ಅಷ್ಟರಲ್ಲಿ ಕೆಳಗಿನ ಬಾಗಿಲು ತೆರೆಯಿತು.

"ಖ್ಹುಂ... ಖ್ಹ್ರೂಂ. ಬೀದೀಲಿ ಯಾಕಮ್ಮ ಇಟ್ಕೊಂಡಿದೀರಿ? ನಮ್ಮ ಹಾಲ್‌ನಲ್ಲಿ ಇಡಿ. ಓದೋಕೆ ನಂಗೂ ಒಂದು ಕೊಡಿ."

"ಅಯ್ಯೋ, ಬೇಡ ಸಾರ್, ಅಕ್ಷರ ತುಂಬಾ ಸಣ್ಣದು. ಕಣ್ಣಿಗೆ ತ್ರಾಸು."

"ಆಪರೇಷನ್ ಆದ್ಮೇಲೆ ಇರುವೆ ಮೀಸೆನೂ ಕಾಣ್ತದೆ ನಂಗೆ!" ಎಂದರು ಅವರು, ಕಟ್ಟು ಬಿಚ್ಚುತ್ತಾ.

ಹೇಗೂ ಮಂತ್ರಿ ಕಿವಿ ಎಳೆದುಕೊಳ್ಳುತ್ತಾನಲ್ಲ ಎಂದು ಧೈರ್ಯ ತಂದುಕೊಂಡು ಅವಳೂ ಒಂದು ಪ್ರತಿ ತೆರೆದಳು. ಕಣ್ಣಿಗೆ ಬಿದ್ದ ಮೊದಲ ಸಾಲೇ: "ಮಂತ್ರಿ 'ಖ್ಹುಂ' ಎಂದ."

ಮೇಲಕ್ಕೋಡಿ ಪ್ರೆಸ್ಸಿಗೆ ಫೋನು ಮಾಡಿದಳು. "ನಾನು ತಿದ್ದಿ ಕಳಿಸಿದ್ನಲ್ಲ, ಕಿವಿ ಅಂತ!"

"ಕಳಿಸಿದ್ರಿ ಮೇಡಂ. ನಮ್ಮ ಮನೆಯವ್ಳಿಗೆ ಎರಡನ್ನೂ ಓದಿ ಹೇಳ್ದೆ. ಗಂಟಲೇ ಚೆನ್ನಾಗಿದೆ, ಕಿವಿ ಸಪ್ಪೆ ಅಂದ್ಲು. ಮೊಳೆ ವಿಷಯಕ್ಕಂತೂ ಬಿದ್ದು ಬಿದ್ದು ನಕ್ಳು. ನಿಮಗೆ ಒಳ್ಳೇದಾಗ್ಲಿ ಅಂತ ಮೊದಲಿದ್ದಂಗೇ ಬಿಟ್ಟೆ. ಥ್ಯಾಂಕ್ಸ್ ಎಲ್ಲ ಬೇಡ."

ಅವಳು ಥ್ಯಾಂಕ್ಸ್ ಹೇಳುವ ಸ್ಥಿತಿಯಲ್ಲಿರಲಿಲ್ಲ. ಮಗಳ ಶಾಲೆಯ ಚಿತ್ರ ಅಂಟಿಸಲು ಕಾಯಿಸಿಟ್ಟಿದ್ದ ಮೈದಾ ಅಂಟು ಒಲೆಯ ಪಕ್ಕ ಕಂಡಿತು. ಕೆಳಗಿಳಿದು, "ಸಾರ್, ಮೊದಲ ಪ್ರತಿ, ಸಹಿ ಹಾಕಿಕೊಡ್ತೀನಿ" ಎಂದು ಪುಸ್ತಕ ಈಸಿಕೊಂಡು ಬಂದಳು. ಮಂತ್ರಿ ಬರುವ ಪುಟಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ, ಮೇಲೆ ರುಬ್ಬುಕಲ್ಲು ಹೇರಿ ಒಣಗಿಸಿ, "ಗೌರವಪೂರ್ವಕ" ಎಂದು ಸಹಿ ಮಾಡಿ ಕೊಟ್ಟುಬಂದಳು. ಪುಸ್ತಕ ದೋಸೆಗಳ ಅಟ್ಟಿಯಂತೆ ದಪ್ಪಗಾಗಿತ್ತು. ಮಾಲೀಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕಂಕುಳಲ್ಲಿಟ್ಟುಕೊಂಡರು.

ನೆಮ್ಮದಿಯಿಂದ ಪಾತ್ರೆ ತೊಳೆಯುತ್ತಿದ್ದಾಗ ಅಂಗಳದಿಂದ ಟೈಲರಕ್ಕನ ದನಿ ಕೇಳಿಸಿತು. ಕೆಳಗಿನ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಆಕೆಗೆ ಹೊಲಿಗೆ ಬಿಚ್ಚುವುದಕ್ಕಿಂತ ಬೇರೆಯವರ ವಿಷಯ ಬಿಚ್ಚುವುದರಲ್ಲೇ ಕೈ ಚುರುಕು.

"ಸಾರ್, ಹಾಗೆ ಎಳೀಬೇಡಿ, ಹರಿಯುತ್ತೆ. ಕೊಡಿ ಇಲ್ಲಿ. ಹೊಲಿಗೆ ಬಿಚ್ಚೋದಿದ್ಯಲ್ಲ, ಅದರಲ್ಲಿ ನಾಜೂಕಾಗಿ ಬಿಡಿಸ್ತೀನಿ."

"ಖ್ಹುಂ. ಅಂಟ್ಕೊಂಡಿರೋ ಪುಟದಲ್ಲೇ ಏನೋ ಇದೆ ಕಣಮ್ಮ. ಮಿಕ್ಕಿದ್ದು ಆಮೇಲೆ ಓದೋಣ."

ಅವಳು ಸೋಪಿನ ಕೈಯಲ್ಲೇ ಮೆಟ್ಟಿಲಿಗೆ ಓಡಿಬಂದಳು. ತಡವಾಗಿತ್ತು. ಟೈಲರಕ್ಕ ಒಂದೊಂದೇ ಪುಟ ಬಿಡಿಸಿ, ರವಿಕೆಗೆ ಕಾದು ಕೂತಿದ್ದ ಗಿರಾಕಿಗಳಿಗೆ ಗಟ್ಟಿಯಾಗಿ ಓದುತ್ತಿದ್ದಳು. "'ಖ್ಹುಂ' ಎಂದ ಮಂತ್ರಿ. 'ತೂತು ಮುಚ್ಚುವವರಾರು?'" ಗಿರಾಕಿಗಳು ಸೆರಗು ಬಾಯಿಗಿಟ್ಟುಕೊಂಡರು. ಒಬ್ಬಳಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು. ಮಾಲೀಕರ ಮುಖ ಮೊದಲು ಬಿಳುಪೇರಿತು, ಆಮೇಲೆ ಕೆಂಪೇರಿತು. ಪುಸ್ತಕ ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಟೈಲರಕ್ಕನೂ ಯಂತ್ರಕ್ಕೆ ಬಟ್ಟೆ ಮುಚ್ಚಿ ಎಲ್ಲಿಗೋ ಹೊರಟುಹೋದಳು. ಕೆಳಗಿನಿಂದ ಒಂದು ಖ್ಹುಂ ಕೂಡ ಇಲ್ಲ.

ಸಂಜೆ ಗಂಡ ಬಂದವನು ವಿಷಯ ಕೇಳಿ ಕನ್ನಡಿಯ ಮುಂದೆಯೇ ಕುಸಿದ.

"ನಿಂಗೆ ಬೇರೆ ಯಾರೂ ಸಿಗ್ಲಿಲ್ವೇನೇ? ನನ್ನನ್ನಾದ್ರೂ ಹಾಕಬಾರದಿತ್ತಾ?"

"ನಿಮ್ಮನ್ನೂ ಹಾಕಿದೀನಿ ರೀ."

"ಹೌದಾ? ಯಾರು, ಸೇನಾಪತೀನಾ?"

"ಕಣಜದ ಬೆಕ್ಕು. ಕೂತಲ್ಲೇ ನಿದ್ದೆ ಮಾಡುತ್ತಲ್ಲ, ಅದು."

ಗಂಡ ಬೇಜಾರು ಮಾಡಿಕೊಳ್ಳುವಷ್ಟರಲ್ಲಿ ಮಗಳು ಗೊಂಬೆಯನ್ನು ಚೀಲಕ್ಕೆ ತುಂಬಿಕೊಂಡು ಬಂದು, "ಅಮ್ಮಾ, ಹೊಸ ಮನೇಲಿ ಮೊಳೆ ಹೊಡೀಬಹುದಾ?" ಎಂದಳು. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. "ಖ್ಹುಂ... ಖ್ಹುಂ... ಖ್ಹ್ರೂಂ."

ಮಾಲೀಕರ ಕಣ್ಣು ಒದ್ದೆಯಾಗಿತ್ತು. ಅವಳು ಕೈಮುಗಿದಳು. "ಸಾರ್, ನಾನು ಬೇಕೂ ಅಂತ..."

"ಮಾತಾಡ್ಬೇಡಿ ನೀವು! ಖ್ಹುಂ. ನಿಜ ಹೇಳಿ. ಈ ಮಂತ್ರೀನ ನೀವು ಎಲ್ಲಿ ನೋಡಿದ್ರಿ?"

"ಎಲ್ಲೂ ಇಲ್ಲ ಸಾರ್..."

"ಸುಳ್ಳು! ಇದು ನಮ್ಮಣ್ಣ! ಖ್ಹ್ರೂಂ. ಅದೇ ಗಂಟಲು, ಅದೇ ದೀಪ ಆರಿಸೋದು. ನಾನು ಚಿಕ್ಕವನಿದ್ದಾಗ ಒಂದು ಗಾಳಿಪಟ ನೇತುಹಾಕೋಕೆ ಮೊಳೆ ಹೊಡೆಯೋಕೆ ಬಿಡಲಿಲ್ಲ ಮಹಾರಾಯ! ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಅವನನ್ನ ಹೀಗೆ ಹಿಡಿದು ಬರೆದ್ರಲ್ಲಮ್ಮ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಸದ್ಯ, ನಾನು ಅವನ ಹಾಗಾಗ್ಲಿಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಗು ಬಂದರೂ ಹಲ್ಲು ಕಚ್ಚಿ ನುಂಗಿದರು. ಅವಳ ಎದೆಯ ಮೇಲಿಂದ ರುಬ್ಬುಕಲ್ಲು ಇಳಿದಂತಾಯಿತು.

"ಎಲ್ಲಿ ಆ ಕನ್ನಡಿ?" ಎಂದರು ಮಾಲೀಕರು. "ಹೊಡೀರಿ ಮೊಳೆ. ನಾನೇ ಹೇಳ್ತಿದೀನಿ. ನಾನೇನು ಆ ಮಂತ್ರೀನಾ?"

ಗಂಡ ಖುಷಿಯಿಂದ ಸುತ್ತಿಗೆ ತಂದ. ಮಗಳು ಗೊಂಬೆಯನ್ನು ಚೀಲದಿಂದ ಹೊರಗೆ ತೆಗೆದಳು. ಮೊದಲ ಪೆಟ್ಟಿಗೇ ಮೊಳೆ ಇಳಿಯಿತು, ಅಂಗೈಯಗಲ ಗಾರೆಯೂ ಉದುರಿತು.

"ಇರ್ಲಿ ಬಿಡಿ" ಎಂದರು ಮಾಲೀಕರು ಉದಾರವಾಗಿ. "ಅಣ್ಣನಿಗೆ ಹೇಳಿ ಸರಿ ಮಾಡಿಸೋಣ. ಮನೆ ಅವನ ಹೆಸರಲ್ಲೇ ತಾನೇ ಇರೋದು. ನಾನು ಬರೀ ನೋಡ್ಕೊಳ್ಳೋನು."

ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ಮನೆ... ನಿಮ್ಮದಲ್ವಾ ಸಾರ್?" ಎಂದಳು ಅವಳು.

"ಅಲ್ಲಮ್ಮ. ಅಂದಹಾಗೆ, ಆ ಪುಸ್ತಕ ಅವನಿಗೇ ಕಳಿಸ್ದೆ. ಮಂತ್ರಿ ಬರೋ ಪುಟಗಳನ್ನೆಲ್ಲ ಮಡಚಿ, 'ಬರೆದವರು ನಮ್ಮ ಮಹಡಿ ಮೇಲಿನವರೇ' ಅಂತ ಮೇಲೆ ಬರೆದು. ಪಕ್ಕದ ಬೀದೀಲೇ ಇದಾನೆ. ಟೈಲರಮ್ಮ ಕೈಯಾರೆ ತಲುಪಿಸಿ, ಎದುರಿಗೇ ಕೂತು ಓದಿ ಹೇಳಿ ಬಂದ್ಲು. ಪಾಪ, ಒಳ್ಳೇ ಹೆಂಗಸು."

ಅಷ್ಟರಲ್ಲಿ ಮೆಟ್ಟಿಲ ಬಲ್ಬು ಪಟ್ಟನೆ ಆರಿತು. ಕತ್ತಲಿನಿಂದ ಒಂದು ಸದ್ದು ಮೇಲೇರಿ ಬಂತು. ಹಳೇ ಸ್ಕೂಟರಲ್ಲ, ಲಾರಿ.

"ಖ್ಹೋಂ... ಖ್ಹೋಂ... ಖ್ಹ್ರೋಂ... ಕುಯ್!"

ಗಂಡ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಮಗಳು ಗೊಂಬೆಯನ್ನು ಮತ್ತೆ ಚೀಲಕ್ಕೆ ತುಂಬಿದಳು. ಅವಳು ಮಾತ್ರ ಕಿವಿಯಿಟ್ಟು ಕೇಳುತ್ತಾ ನಿಂತಳು. ಕೊನೆಯಲ್ಲಿ ಬರುವ ಆ "ಕುಯ್" ಎಂಬ ಸಣ್ಣ ಸಿಳ್ಳೆ ತಮ್ಮನ ಗಂಟಲಿನಲ್ಲಿ ಇರಲೇ ಇಲ್ಲವಲ್ಲ! ಎಂಥ ಚೆಂದದ ಗಂಟಲು!

ಅವಳ ಕೈ ತನಗೇ ಗೊತ್ತಿಲ್ಲದೆ ತುರುಬಿನಲ್ಲಿ ಪೆನ್ಸಿಲ್ ಹುಡುಕತೊಡಗಿತು.