ಕೆಂಚಯ್ಯನ ಮಾತಿಗೆ ಕಡಿತವಿಲ್ಲ

ನಮ್ಮ ಗುಡಿಪಾಳ್ಯದಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ತೆಂಗಿನ ಇಳುವರಿ ಹೇಳುವವರು ಮಾತ್ರ ಇದ್ದಾರೆ. ಇದು ದಾಖಲೆಗಳಿಂದ ಸಾಬೀತಾದ ವಿಷಯ. ಹಿಂದೊಮ್ಮೆ ಮರಗಳ ಸಮೀಕ್ಷೆಗೆ ಬಂದವರು ರೈತರು ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿ ಕೂಡಿಸಿದಾಗ, ಬಿಳಿಗೆರೆಯಿಂದಾಚೆ ಇರುವ ನಮ್ಮ ಒಂದೇ ಊರಿನ ಕಾಯಿ ಇಡೀ ತಿಪಟೂರು ತಾಲ್ಲೂಕಿನ ಕಾಯಿಗಿಂತ ಹೆಚ್ಚಾಯಿತು. ನಮ್ಮೂರೂ ಅದೇ ತಾಲ್ಲೂಕಿಗೆ ಸೇರಿದ್ದರಿಂದ ಲೆಕ್ಕ ಎಲ್ಲೋ ತಪ್ಪಿದೆಯೆಂದು ಮೇಲಿನವರಿಗೆ ಅನುಮಾನ ಬಂತು.

ಆಗ ಹೊರಬಿದ್ದದ್ದೇ ಬಡಾಯಿ ಕಡಿತ ನಿಯಮ. ರೈತ ಹೇಳಿದ ಯಾವುದೇ ಅಂಕಿಯನ್ನು ನಾಲ್ಕರಿಂದ ಭಾಗಿಸಿ ಬರೆದುಕೊಳ್ಳತಕ್ಕದ್ದು. ಇರುವುದನ್ನು ಹಿಗ್ಗಿಸಿದರೆ ಬಡಾಯಿ, ಇಲ್ಲದ್ದನ್ನು ಹೇಳಿದರೆ ಬುರುಡೆ, ಕೇಳುವವರು ಎದ್ದು ಹೋದ ಮೇಲೂ ಹೇಳುತ್ತಿದ್ದರೆ ರೈಲು. ಮೂರಕ್ಕೂ ಕಡಿತ ಒಂದೇ. ಊರಿನವರು ಬೇಸರ ಮಾಡಿಕೊಳ್ಳಲಿಲ್ಲ. ಇನ್ನೂರು ಅನ್ನುತ್ತಿದ್ದವರು ಎಂಟುನೂರು ಅಂದರು, ಎಲ್ಲವೂ ಮೊದಲಿನಂತೆ ನಡೆಯಿತು.

ತೊಂದರೆಯಾದದ್ದು ಕೆಂಚಯ್ಯನೊಬ್ಬನಿಗೆ. ಅವನಿಗೆ ಹೆಚ್ಚು ಹೇಳಲು ಬಾರದು. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿಗೆ ಕೈಹಾಕುವ ಮೊದಲೇ "ನಂಗೆ ಎಡಗಿವಿ ಕೇಳಾಕಿಲ್ಲ" ಅಂದವನು ಅವನು. ಸಿದ್ದಮ್ಮ ಒಪ್ಪಿದ್ದು ಅದಕ್ಕೇ ಅಂತೆ. ಅವರ ಮನೆ ಮುಂದೆ ರಸ್ತೆಗೆ ಒತ್ತಿಕೊಂಡು ಒಂದು ತೆಂಗಿನ ಮರವಿದೆ. ಅವನು ಹುಟ್ಟಿದ ವರ್ಷ ಅವನ ತಾಯಿ ಸಸಿ ನೆಟ್ಟು, ಬಚ್ಚಲ ನೀರು ಹರಿಸಿ ಬೆಳೆಸಿದ್ದು. ತಾಯಿ ಹೋಗಿ ಹನ್ನೆರಡು ವರ್ಷವಾಯಿತು. ಇವತ್ತಿಗೂ ಕೆಂಚಯ್ಯ ಹೊರಗೆ ಹೊರಟರೆ ಆ ಮರಕ್ಕೆ "ಬತ್ತೀನವ್ವ" ಅಂತ ಹೇಳಿಯೇ ಹೋಗುತ್ತಾನೆ. ನಮ್ಮೂರಿನವರು ಎಲ್ಲದಕ್ಕೂ ನಗುತ್ತಾರೆ, ಇದಕ್ಕೆ ಮಾತ್ರ ನಗುವುದಿಲ್ಲ.

ಹೀಗಿರುವಾಗ ರಸ್ತೆ ಅಗಲ ಮಾಡುವ ಯೋಜನೆ ಬಂತು. ಅದರ ಜೊತೆಗೆ ಮರ ಉಳಿಕೆ ಸಮಿತಿ, ಸಮಿತಿಯ ಜೊತೆಗೆ ಅಧಿಕಾರಿ ಸೂರ್ಯಪ್ರಕಾಶ್ ಬಂದರು. ವರ್ಷಕ್ಕೆ ಅರವತ್ತು ಕಾಯಿಗಿಂತ ಕಡಿಮೆ ಬಿಡುವ ಮರವನ್ನು ಕಡಿಯತಕ್ಕದ್ದು. ಅದಕ್ಕೆ ಮೇಲ್ಪಟ್ಟು ಬಿಡುವ ಮರವನ್ನು ರಸ್ತೆಯೇ ಬಳಸಿಕೊಂಡು ಹೋಗತಕ್ಕದ್ದು.

"ಎಷ್ಟು ಕಾಯಿ ಬಿಡುತ್ತೆ, ಕೆಂಚಯ್ಯನವರೇ?"

"ತೊಂಬತ್ತು ಸ್ವಾಮಿ."

ಸೂರ್ಯಪ್ರಕಾಶ್ "ಇಪ್ಪತ್ತೆರಡೂವರೆ" ಎಂದು ಬರೆದುಕೊಂಡು ಮರಕ್ಕೆ ಕೆಂಪು ಬಣ್ಣದ ಗುರುತು ಹಾಕಿಸಿದರು.

"ಅರ್ಧ ಕಾಯಿ ಯಾವ ಮರ ಬುಡ್ತದೆ ಸ್ವಾಮಿ? ಗೊನೆ ಅಲ್ಲೇ ಕಾಣ್ತಾವೆ, ಎಣಿಸ್ಕಳಿ."

"ಎಣಿಸುವ ಹುದ್ದೆ ಹದಿನೈದು ವರ್ಷದಿಂದ ಖಾಲಿ ಇದೆ. ಅದು ಭರ್ತಿಯಾಗುವವರೆಗೆ ಭಾಗಿಸುವುದು ಮಾತ್ರ" ಎಂದು ಸೂರ್ಯಪ್ರಕಾಶ್ ತುಂಬಾ ಸೌಜನ್ಯದಿಂದ ಹೇಳಿದರು. ಕಡಿಯಲು ಹದಿನೈದು ದಿನ ಗಡುವು ಕೊಟ್ಟರು.

ಆ ಸಂಜೆ ಕೆಂಚಯ್ಯನ ಜಗಲಿಗೆ ಹುಚ್ಚಣ್ಣ ಬಂದ. ಹುಚ್ಚಣ್ಣ ಅಂದರೆ ನಮ್ಮೂರಿನ ಹೆಮ್ಮೆ. ಅವನ ಅಟ್ಟದಲ್ಲಿ ಒಣಗಿದ ಕೊಬ್ಬರಿ ಲೊಡಲೊಡ ಅಲ್ಲಾಡಿದರೆ ಎಷ್ಟೋ ಮೈಲಿ ದೂರದ ಅಮ್ಮಸಂದ್ರದಲ್ಲಿ ಮಲಗಿದವರಿಗೆ ಎಚ್ಚರವಾಗುತ್ತದೆ, ಹಾಗಂತ ಹೇಳಿದವನು ಅವನೇ.

"ಮುನ್ನೂರರವತ್ತು ಅನ್ಲಾ ಕೆಂಚ. ಅವ್ರು ಭಾಗ್ಸಿದ್ರೆ ತೊಂಬತ್ತೇ ಬತ್ತದೆ. ನಿಜಾನೇ ನಾಕು ಸಲ ಹೇಳ್ದಂಗೆ ಕಣ್ಲಾ, ಅದೆಂಗೆ ಸುಳ್ಳಾಯ್ತದೆ?"

ಕೆಂಚಯ್ಯ ಬಾಯಿ ತೆರೆದ. ಮುನ್ನೂರರ ಬದಲು ಕೆಮ್ಮು ಬಂತು. ಹುಚ್ಚಣ್ಣ ಮೂರು ದಿನ ಕೂತು ಅಭ್ಯಾಸ ಮಾಡಿಸಿದ. ಮೂರನೇ ದಿನ ಕೆಂಚಯ್ಯ ಬೆವರೊರೆಸಿಕೊಳ್ಳುತ್ತಾ ನೂರಹತ್ತರವರೆಗೆ ಏರಿದ. ಆಮೇಲೆ ತಲೆ ತಗ್ಗಿಸಿ, "ಇಲಿ ಕಡ್ದು ಉದುರ್ಸಿದ್ ಇಪ್ಪತ್ತೂ ಸೇರ್ಸಿವ್ನಿ" ಅಂದ.

"ಬುಡಣ್ಣ, ಅವ್ರ ಬಾಯಾಗೆ ಅದು ಬರಾಕಿಲ್ಲ" ಎಂದು ಸಿದ್ದಮ್ಮ ಮಾರನೇ ದಿನ ತಾನೇ ಕಚೇರಿಗೆ ಹೋದಳು. "ಸುಳ್ಳು ಹೇಳ್ದೆ ಇರೋರ್ಗೆ ನಿಮ್ಮಲ್ಲಿ ಏನೂ ದಾರಿ ಇಲ್ವಾ ಸ್ವಾಮಿ?"

ಸೂರ್ಯಪ್ರಕಾಶ್ ನಿಯಮದ ಪುಸ್ತಕ ತಿರುವಿ ಹಾಕಿದರು. ದಾರಿ ಇತ್ತು. ಒಂದು ಇಡೀ ಜನ್ಮ ಸುಳ್ಳು ಹೇಳಿಲ್ಲವೆಂದು ಊರಿನವರ ಸಾಕ್ಷಿಯಿದ್ದರೆ ಸತ್ಯವಂತ ಪ್ರಮಾಣಪತ್ರ ಕೊಡಬಹುದು. ಅಂಥವರ ಮಾತಿಗೆ ಕಡಿತವಿಲ್ಲ. ಇದುವರೆಗೆ ಯಾರೂ ಕೇಳಿರದ ಕಾರಣ ಅರ್ಜಿ ನಮೂನೆಗೆ ಗೆದ್ದಲು ಹಿಡಿದಿತ್ತು.

ಅರ್ಜಿ ಹಾಕಿ ಒಂದು ವಾರ ಕಳೆದ ಮೇಲೆ ಕಚೇರಿಯಲ್ಲಿ ಸಾಕ್ಷಿಗಳನ್ನು ಕರೆದರು. ಮೊದಲು ಪಕ್ಕದ ಮನೆಯ ಮೀನಾಕ್ಷಮ್ಮ ಸಾಕ್ಷಿ ಹೇಳಿದರು. "ಕೆಂಚಯ್ಯಂಗೆ ಅರವತ್ತು ವರ್ಷ. ಅರವತ್ತು ವರ್ಷದಿಂದ್ಲೂ ಅವ್ನು ಸುಳ್ಳು ಹೇಳಿದ್ದನ್ನ ನಾನು ಕಂಡಿಲ್ಲ."

"ಹದಿನೈದು ವರ್ಷ" ಎಂದು ಬರೆದುಕೊಂಡರು ಸೂರ್ಯಪ್ರಕಾಶ್. "ಉಳಿದ ನಲವತ್ತೈದು ವರ್ಷಕ್ಕೆ ಸಾಕ್ಷಿ ಇಲ್ಲ. ಏನು ಮಾಡುವುದಮ್ಮ, ಸಾಕ್ಷಿಗೂ ಕಡಿತ ಉಂಟು."

ಸಿದ್ದಮ್ಮನ ಮುಖ ಬಾಡಿತು. ಗಡುವಿಗೆ ಇನ್ನೆರಡು ದಿನ ಉಳಿದಿತ್ತು. ಆಗ ಹಿಂದಿನ ಬೆಂಚಿನಿಂದ ಹುಚ್ಚಣ್ಣ ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಸ್ವಾಮಿ, ಈ ಕೆಂಚ ನಾಕು ಜನ್ಮದಿಂದ ಸುಳ್ಳು ಹೇಳಿಲ್ಲ."

"ನಾಲ್ಕು ಜನ್ಮ? ನಿಮಗೆ ಹೇಗೆ ಗೊತ್ತು?"

"ಹಿಂದಿನ ಮೂರ್ರಲ್ಲೂ ನಾನು ಇವ್ನ ಎದುರುಮನೇಲೇ ಇದ್ದೆ."

ಸೂರ್ಯಪ್ರಕಾಶ್ ಮುಖದ ಗೆರೆ ಅಲುಗದೆ ನಾಲ್ಕರಿಂದ ಭಾಗಿಸಿ, "ಒಂದು ಜನ್ಮ, ಸರಿಯಾಗಿದೆ" ಎಂದು ಮೊಹರು ಒತ್ತಿದರು. ಹುಚ್ಚಣ್ಣನ ಆಯುಷ್ಯದಲ್ಲಿ ಅವನ ಮಾತು ನಿಜವಾಗಿ ದಾಖಲಾದದ್ದು ಅದೇ ಮೊದಲು. ಅವನಿಗೆ ಸ್ವಲ್ಪ ಅವಮಾನವಾದಂತೆ ಕಂಡಿತು.

ಕೆಂಚಯ್ಯನ ತೊಂಬತ್ತು ತೊಂಬತ್ತಾಗಿಯೇ ಉಳಿಯಿತು, ಮರವೂ ಉಳಿಯಿತು. ಎಂಟುನೂರು ಅಂದಿದ್ದ ಉಳಿದವರ ಮರಗಳೂ ಉಳಿದವು. ಹೀಗಾಗಿ ನಮ್ಮ ರಸ್ತೆಗೆ ಒಂದು ಕಿಲೋಮೀಟರಿಗೆ ನಲವತ್ತೊಂದು ತಿರುವು. ದಬ್ಬೇಘಟ್ಟದ ಕಡೆ ಹೋಗುವ ಬಸ್ಸಿನವರು ಒಂದೇ ಮನೆಯವರಿಗೆ ಮೂರು ಸಲ ಕೈ ಬೀಸುತ್ತಾರೆ. ಡಾಂಬರು ಮಾತ್ರ ಹೆಬ್ಬೆರಳಲ್ಲಿ ಒತ್ತಿದರೆ ಎದ್ದು ಬರುತ್ತಿತ್ತು.

ಉದ್ಘಾಟನೆಯ ದಿನ ಗುತ್ತಿಗೆದಾರ ಬೆಟ್ಟಸ್ವಾಮಿಯವರಿಗೆ ಒಂದು ಚಿಂತೆ ಹತ್ತಿತು. ಬಿಲ್ಲು ಪಾಸಾಗಲು ಊರಿನವರೊಬ್ಬರ ಅಭಿಪ್ರಾಯ ಬೇಕು. ಬೇರೆ ಯಾರು ಚೆನ್ನಾಗಿದೆ ಅಂದರೂ ಕಡಿತದ ನಂತರ ರಸ್ತೆ ಕಾಲುಭಾಗ ಮಾತ್ರ ಚೆನ್ನಾಗಿರುತ್ತದೆ. ಕೆಂಚಯ್ಯನನ್ನು ವೇದಿಕೆಗೆ ಕರೆದರು.

ಕೆಂಚಯ್ಯ ಮೈಕಿನ ಮುಂದೆ ನಿಂತು, ಇದ್ದದ್ದನ್ನು ಇದ್ದಹಾಗೆ ಹೇಳಲು ಬಾಯಿ ತೆರೆದ. ಸೂರ್ಯಪ್ರಕಾಶ್ ಅವನ ಎಡಗಿವಿಯಲ್ಲಿ ಏನೋ ಹೇಳಿದರು, ಕೇಳಿಸಲಿಲ್ಲ. ಬಳಸಿಕೊಂಡು ಬಂದು ಬಲಗಿವಿಯಲ್ಲಿ ಹೇಳಿದರು: "ಚೆನ್ನಾಗಿಲ್ಲ ಅಂದರೆ ಇದನ್ನು ಕಿತ್ತು, ಹೊಸದಾಗಿ ನೇರ ರಸ್ತೆ ಹಾಕಬೇಕಾಗುತ್ತದೆ. ನೇರ ರಸ್ತೆಗೆ ಮರದ ನಿಯಮ ಅನ್ವಯಿಸುವುದಿಲ್ಲ."

ಕೆಂಚಯ್ಯ ರಸ್ತೆ ನೋಡಿದ. ಆಮೇಲೆ ಅವ್ವನ ಮರ ನೋಡಿದ. ಕೆಮ್ಮು ಬಂತು, ನುಂಗಿಕೊಂಡ.

"ಬೋ ಚೆನ್ನಾಗೈತೆ ಸ್ವಾಮಿ. ಇಂಥ ರಸ್ತೆನ ನಾನು ನಾಕು ಜನ್ಮದಲ್ಲಿ ಕಂಡಿಲ್ಲ."

ಜನ ಚಪ್ಪಾಳೆ ತಟ್ಟಿದರು. ಹುಚ್ಚಣ್ಣ, ಶಿಷ್ಯ ಪಾಸಾದ ಮೇಷ್ಟ್ರಂತೆ ಟವೆಲಿನಲ್ಲಿ ಕಣ್ಣೊರೆಸಿಕೊಂಡ. ಸಿದ್ದಮ್ಮ ಒಂದು ಚೊಂಬು ನೀರು ತಂದು ಗಂಡನ ಕೈಗೆ ಕೊಟ್ಟಳು. ಕೆಂಚಯ್ಯನ ಮಾತಿಗೆ ಕಡಿತವಿಲ್ಲವಾದ್ದರಿಂದ ಸೂರ್ಯಪ್ರಕಾಶ್ ನಾಲ್ಕೂ ಜನ್ಮವನ್ನು ಹಾಗೆಯೇ ಬರೆದುಕೊಂಡರು.