ಕುರಿಗೆ ಕಂಡಿ, ಮೇವಿಸ್ ಅಜ್ಜಿಗೆ ಕಬ್ಬಿಣ

ಜಿಲ್ಲಾ ಕೌನ್ಸಿಲಿನ ಪರಂಪರೆ ರಕ್ಷಣಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಯಾರ್ಕ್‌ಷೈರಿನ ಹಾರ್ಕ್‌ಬೆಕ್ ಹಳ್ಳಿಯ ಸಮಸ್ತರ ಪರವಾಗಿ, ಕುಡಿಯುತ್ತಿದ್ದ ಟೀ ಕೆಳಗಿಟ್ಟು, ತಲೆವಸ್ತ್ರ ಸರಿಪಡಿಸಿಕೊಂಡು ನಮಸ್ಕರಿಸುತ್ತೇನೆ. ನಮ್ಮ ಹಳೆಯ ಸುಂಕದ ರಸ್ತೆಯ ಕಲ್ಲುಗೋಡೆಯನ್ನು ತಾವು ಉದ್ಧಾರ ಮಾಡಿದ ಪರಿಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಇನ್ನೂರು ವರ್ಷ ಗಾರೆಯ ಹಂಗಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂತು ನಿಂತಿದ್ದ ಗೋಡೆಗೆ ತಮ್ಮ ಗುತ್ತಿಗೆದಾರರು ಸಿಮೆಂಟು ಮೆತ್ತಿದರು. ಒಳಗಿನ ನೀರಿಗೆ ಹೊರದಾರಿಯಿಲ್ಲದೆ ಗೋಡೆಯೀಗ ಹಬ್ಬದೂಟ ಮುಗಿಸಿದ ಪಾದ್ರಿಯ ಹೊಟ್ಟೆಯಂತೆ ಉಬ್ಬಿದೆ. ಅಭಿನಂದನೆಗಳು.

ಆದರೆ ತಮ್ಮ ಪರಮ ಸಾಧನೆಯೆಂದರೆ ನಮ್ಮ ಕಂಡಿ ಮುಚ್ಚಿದ್ದು. ಸುಂಕ ಕೊಡದೆ ಯಾವ ಬಡವನ ಕತ್ತೆಯೂ ರಸ್ತೆ ಏರಬಾರದೆಂದು ಧಣಿಗಳು ಕಟ್ಟಿಸಿದ ಗೋಡೆಯನ್ನು ನಮ್ಮ ಹಿರಿಯರು ಒಡೆದು ಮಾಡಿದ ದಾರಿ ಅದು. ಹೊರೆ ಹೊತ್ತ ಕತ್ತೆ ನುಸುಳುವಷ್ಟು ಅಗಲ. ನನ್ನ ನೆರೆಮನೆಯ ಮೇವಿಸ್ ಅಜ್ಜಿ ತಳ್ಳಿಕೊಂಡು ಓಡಾಡುವ ಗಾಲಿ ಊರುಗೋಲಿಗೂ ಅಷ್ಟೇ ಸಾಕಿತ್ತು. ಕಂಡಿ ದಾಟಿದರೆ ಬಸ್ ನಿಲ್ದಾಣ. ಕಿಡ್ನಿ ಕೈಕೊಟ್ಟ ಅಜ್ಜಿ ಡಯಾಲಿಸಿಸ್‌ಗೆಂದು ದಿನ ಬಿಟ್ಟು ದಿನ ಅಲ್ಲಿ ಬಸ್ ಹತ್ತಬೇಕು. ಆ ಜಾಗಕ್ಕೇ ತಾವು ಭರ್ಜಿ ಮೊನೆಯ ಕಬ್ಬಿಣದ ಸರಳು ನೆಟ್ಟು, ಕಪ್ಪು ಬಣ್ಣ ಬಳಿದಿರಿ. ಈಗ ಆಕೆ ಕಾಲುದಾರಿಯೂ ಇಲ್ಲದ ರಸ್ತೆಯಲ್ಲಿ, ಲಾರಿಗಳಿಗೆ ಮೈಯೊಡ್ಡಿಕೊಂಡು, ಸುಂಕದ ಕಟ್ಟೆಯನ್ನು ಸುತ್ತಿ ಬರಬೇಕು. ಮೊನ್ನೆ ಬಸ್ಸು ತಪ್ಪಿತು. ಸಂಜೆಗೆ ಆಕೆಯ ಕಾಲು ಕುಂಬಳಕಾಯಿಯಂತೆ ಊದಿಕೊಂಡಿತು.

ಅಳತೆಗೆ ಬಂದ ತಮ್ಮ ಕಿರಿಯ ಅಧಿಕಾರಿ, "ಇದು ಮೂಲ ಸ್ವರೂಪ ಅಮ್ಮಾ, ಮುಟ್ಟೋ ಹಾಗಿಲ್ಲ" ಎಂದು ಅಪ್ಪಣೆ ಕೊಡಿಸಿದರು. ಅಜ್ಜಿ ಬಿಡಲಿಲ್ಲ: "ಯಾವ ಮೂಲಾನಪ್ಪಾ? ಸರಳು ಇದ್ದದ್ದು ಸುಂಕದ ಕಟ್ಟೆ ಮುಂದೆ. ಯುದ್ಧ ಬಂದಾಗ ಫಿರಂಗಿಗೆ ಕಬ್ಬಿಣ ಬೇಕೂಂತ ಅದನ್ನೂ ನಿಮ್ಮೋರೇ ಕಿತ್ಕೊಂಡು ಹೋದ್ರು, ನಾನು ಲಂಗ ಹಾಕ್ಕೊಂಡು ನಿಂತು ನೋಡಿದೀನಿ. ಇದು ಹೋದ ತಿಂಗಳು ಲಾರೀಲಿ ಬಂದದ್ದು!"

ತಮ್ಮ ಕರುಣೆಗೂ ಸಾಕ್ಷಿಯಿದೆ. ಗೋಡೆಯ ಬುಡದಲ್ಲಿ ಕುರಿ ನುಸುಳಲೆಂದು ಹಿಂದಿನವರು ಬಿಟ್ಟ ಚೌಕ ಕಂಡಿಯನ್ನು ಮಾತ್ರ ತಾವು ಜೋಪಾನವಾಗಿ ಉಳಿಸಿ, 'ಪಾರಂಪರಿಕ' ಎಂಬ ಹಿತ್ತಾಳೆ ಫಲಕವನ್ನೂ ಬಡಿದಿದ್ದೀರಿ. ಆದಕಾರಣ ಮೇವಿಸ್ ಅಜ್ಜಿಯನ್ನು ಕುರಿಯೆಂದು ಘೋಷಿಸಬೇಕಾಗಿ ಸವಿನಯ ಪ್ರಾರ್ಥನೆ. ಉಣ್ಣೆಯ ಕೋಟು ಆಕೆಯಲ್ಲಿದೆ. ಬೆನ್ನ ಮೇಲೆ ನಮ್ಮೂರ ಮಂದೆಯ ಕೆಂಪು ಗುರುತನ್ನು ನಾವೇ ಬಳಿಯುತ್ತೇವೆ.

ಒಂದು ಸಂಶಯ ಮಾತ್ರ ಉಳಿದಿದೆ, ಸ್ವಾಮಿ. ಧಣಿಗಳು ಗೋಡೆ ಕಟ್ಟಿದ್ದು ಪರಂಪರೆಯಾದರೆ, ನಮ್ಮವರು ಅದನ್ನು ಒಡೆದದ್ದು ಯಾಕೆ ಪರಂಪರೆಯಲ್ಲ? ಆ ಕಂಡಿಗೆ ಫಲಕ ಬಡಿಯಲು ತಮ್ಮಲ್ಲಿ ಹಿತ್ತಾಳೆ ಮುಗಿದಿತ್ತೇ?

ಕುರಿಗಿಂತ ಒಂದು ದರ್ಜೆ ಕೆಳಗಿರುವ, ತಮ್ಮ ವಿಶ್ವಾಸಿ,
ವಿನಿಫ್ರೆಡ್ ಆಕ್ರಾಯ್ಡ್

ಮರೆತ ಮಾತು: ತಾವು ಉಳಿಸಿದ ಕುರಿಗಂಡಿ ನಿನ್ನೆಯಿಂದ ಯಾಕೋ ಆಳೆತ್ತರಕ್ಕೆ ಬೆಳೆದಿದೆ. ಕಿತ್ತ ಕಲ್ಲುಗಳ ಸಿಮೆಂಟು ಕೆರೆದು, ಪಕ್ಕದಲ್ಲಿ ಅಂದವಾಗಿ ಜೋಡಿಸಿಡಲಾಗಿದೆ. ಊರೆಲ್ಲ ವಿಚಾರಿಸಿದೆ, ಕುರಿಗಳದ್ದೇ ಕೆಲಸ ಎನ್ನುತ್ತಾರೆ. ಇವತ್ತು ಬೆಳಿಗ್ಗೆ ಅದೇ ಕಂಡಿಯಿಂದ ಒಂದು ಮುದಿ ಕುರಿ ಗಾಲಿ ಊರುಗೋಲು ತಳ್ಳಿಕೊಂಡು ಬಂದು, ಆಸ್ಪತ್ರೆಯ ಬಸ್ಸು ಹತ್ತಿತು.