ಮಹಾರಾಜರ ನೆರೆ ವೀಕ್ಷಣೆ

ಬಹಳ ಹಿಂದೆ, ರಾಜಾಜ್ಞೆಗಿಂತ ಮೊದಲೇ ಅದರ ಪತ್ರಿಕಾ ಪ್ರಕಟಣೆ ಹೊರಡುತ್ತಿದ್ದ ಕಾಲದಲ್ಲಿ, ಸರ್ವಸನ್ನದ್ಧಪುರವೆಂಬ ರಾಜ್ಯವಿತ್ತು. ಒಂದು ಮಳೆಗಾಲ ಅಲ್ಲಿಯ ಹೊಳೆ ಉಕ್ಕಿ ದಂಡೆಯ ಹಳ್ಳಿಗಳನ್ನೆಲ್ಲ ಮುಳುಗಿಸಿತು. ಮಹಾರಾಜ ಘೋಷಣಾದಿತ್ಯರು ಕೂಡಲೇ ವೈಮಾನಿಕ ಸಮೀಕ್ಷೆ ಘೋಷಿಸಿದರು. ಆದರೆ ಪುಷ್ಪಕ ವಿಮಾನಕ್ಕೆ ಬಣ್ಣ ಬಳಿಯಬೇಕಿತ್ತು, ಶೋಕಕ್ಕೆ ಒಪ್ಪುವ ರೇಷ್ಮೆ ಉಡುಪಿಗೆ ಟೆಂಡರ್ ಕರೆಯಬೇಕಿತ್ತು. ಅದಕ್ಕೆ ಮೂರು ತಿಂಗಳು ಹಿಡಿಯಿತು. ನೆರೆಗೆ ಅಷ್ಟು ರಾಜಭಕ್ತಿ ಇರಲಿಲ್ಲ, ವಾರದಲ್ಲೇ ಇಳಿದುಹೋಯಿತು.

ದಂಡೆಯ ರೈತ ಹೆಂಗಸು ಫಕೀರವ್ವನ ಹೊಲದಲ್ಲಿ ಉಳ್ಳಾಗಡ್ಡಿಯೆಲ್ಲ ಕೊಳೆತಿತ್ತು. ಮನೆಯ ಗೋಡೆ ಬಿದ್ದಿತ್ತು, ಜೋಡೆತ್ತಿನಲ್ಲಿ ಒಂದು ಕೊಚ್ಚಿಹೋಗಿತ್ತು. ಅವಳು ಇಡೀ ದಿನ ಬದುವಿನ ಮೇಲೆ ಕೂತು ಅತ್ತಳು. ಗಂಡ ಭರಮಪ್ಪ ಉಳಿದ ಎತ್ತಿನ ಮೈಗೆ ಹತ್ತಿದ ಕೆಸರು ತೊಳೆದ.

ಮಾರನೆಯ ಬೆಳಿಗ್ಗೆ ಫಕೀರವ್ವ ಸೋರೆಬುರುಡೆಯ ಬಾಯಿ ಬಿಚ್ಚಿದಳು. ಅತ್ತೆ ಕಲಿಸಿದಂತೆ ಬೂದಿ ಬೆರೆಸಿ, ಸಗಣಿಯಿಂದ ಬಾಯಿ ಮೆತ್ತಿ ಇಟ್ಟಿದ್ದ ಬಿತ್ತನೆಯ ಕಡಲೆಕಾಳು ಅದರಲ್ಲಿತ್ತು. ಎದೆಮಟ್ಟದ ನೀರಿನಲ್ಲಿ ಬಂಗಾರ ಬಿಟ್ಟು ಅದನ್ನೇ ತಲೆಯ ಮೇಲೆ ಹೊತ್ತು ಬಂದಿದ್ದಳು. ಮಣ್ಣಿನ ಹಸಿ ಆರುವ ಮೊದಲೇ ಬಿತ್ತಬೇಕು. ಉಳಿದ ಎತ್ತಿಗೆ ಜೋಡಿಯಾಗಿ ಭರಮಪ್ಪ ನೊಗಕ್ಕೆ ಹೆಗಲು ಕೊಟ್ಟ. ಅವಳು ಹಿಂದಿನಿಂದ ಕಾಳು ಬಿಡುತ್ತ ನಡೆದಳು. ಒಂದು ಕಾಳನ್ನೂ ಉಳಿಸಿಕೊಳ್ಳಲಿಲ್ಲ. ವರ್ಷದ ಕೂಳು, ಮುಂದಿನ ವರ್ಷದ ಬೀಜ, ಎರಡೂ ಆ ಹೊಲದಲ್ಲೇ ಇದ್ದವು.

ಮೂರು ತಿಂಗಳಿಗೆ ಗಿಡದ ತುಂಬ ಕಾಯಿ. ಆಗ ವಿಪತ್ತು ಖಾತೆಯ ಮಂತ್ರಿ ತಥಾಸ್ತುಪಾಲರು ಸ್ಥಳ ಪರಿಶೀಲನೆಗೆ ಬಂದರು. ಹಸಿರು ಕಂಡು ಅವರು ಗಾಬರಿಯಾಗಿ ಕಡತ ಬಿಚ್ಚಿದರು. ಅರಮನೆಯ ಕಡತದ ಪ್ರಕಾರ ಆ ಹೊಲ ಇನ್ನೂ ಸಂಪೂರ್ಣ ಜಲಾವೃತವಾಗಿತ್ತು.

"ನೆರೆ ಎಲ್ಲಿ, ತಾಯಿ?"

"ಇಳದು ಮೂರು ತಿಂಗಳಾತ್ರಿ."

"ಯಾರ ಅನುಮತಿ ಪಡೆದು ಇಳಿಯಿತು?"

ಪ್ರಭುಗಳು ಕಣ್ಣೀರಿನ ಅಭ್ಯಾಸ ಮುಗಿಸಿಕೊಂಡು ಹೊರಟಾಗಿದೆ, ಅವರಿಗೆ ಒಣನೆಲ ತೋರಿಸುವುದು ರಾಜದ್ರೋಹ ಎಂದು ಮಂತ್ರಿಗಳು ವಿವರಿಸಿದರು. ಮೇಲಿನ ಅಣೆಕಟ್ಟೆಯ ಬಾಗಿಲು ತೆರೆಯಲು ಅಪ್ಪಣೆಯಾಯಿತು.

"ಹದಿನೈದು ದಿನ ತಡೀರಿ ಸಾಹೇಬ್ರ," ಎಂದು ಫಕೀರವ್ವ ಕೈಮುಗಿದಳು. "ಕಾಳು ಬಲೀತಾವು, ಕಿತ್ಕೊಂತೀವಿ. ಆಮ್ಯಾಲ ಎಷ್ಟರ ನೀರು ಬಿಡ್ರಿ."

ಮಂತ್ರಿಗಳು ದಿನಚರಿ ನೋಡಿದರು. "ಆಗುವುದಿಲ್ಲ. ಹದಿನೈದು ದಿನಕ್ಕೆ ಪ್ರಭುಗಳ ಬರಗಾಲ ವೀಕ್ಷಣೆ ಇದೆ."

ಮರುದಿನ ನೀರು ಬಂತು. ಹಿಂದೆಯೇ ಪುಷ್ಪಕವೂ ಬಂತು. ಮಹಾರಾಜರು ಮೂರು ಸುತ್ತು ಹಾಕಿ, ನೆರೆ ಅಚ್ಚುಕಟ್ಟಾಗಿದೆಯೆಂದು ಮೆಚ್ಚಿ, ನಿಗದಿತ ಸಮಯಕ್ಕೆ ಕಣ್ಣೀರಿಟ್ಟು, ಬದುವಿನ ಮೇಲೆ ಇಳಿದರು. ಎಲ್ಲ ಕಳೆದುಕೊಂಡರೂ ಬಿತ್ತಿದ ದಂಪತಿ ಇವರೇ ಎಂದು ಮಂತ್ರಿಗಳು ಪರಿಚಯಿಸಿದರು. ಮಹಾರಾಜರು ಗದ್ಗದಿತರಾಗಿ ಇಬ್ಬರಿಗೂ ಒಂದೇ ಶಾಲು ಹೊದಿಸಿ, 'ಸ್ಥೈರ್ಯಶಿರೋಮಣಿ' ಬಿರುದು ಕೊಟ್ಟರು.

"ಇಂಥ ಪ್ರಜೆಗಳಿಗೆ ಪರಿಹಾರ ಕೊಡುವುದು ಅವರ ಸ್ಥೈರ್ಯಕ್ಕೆ ಮಾಡುವ ಅಪಮಾನ," ಎಂದು ಘೋಷಿಸಿದರು. "ದಂಡೆಯ ಯಾವ ಹಳ್ಳಿಗೂ ಆ ಅಪಮಾನವಾಗಕೂಡದು."

ಆಸ್ಥಾನಿಕರು ಜಯಕಾರ ಹಾಕಿದರು. ಸುತ್ತಲಿನ ಹಳ್ಳಿಯವರು ತಮ್ಮ ಮುಳುಗಿದ ಹೊಲಗಳನ್ನೊಮ್ಮೆ, ಶಾಲನ್ನೊಮ್ಮೆ ನೋಡಿದರು. ಫಕೀರವ್ವ ಅವರ ಮುಖ ನೋಡಲಾರದೆ ಶಾಲು ಕಿತ್ತೆಸೆದು ನೀರಿಗಿಳಿದಳು. ಭರಮಪ್ಪನೂ ಇಳಿದ. ಇಬ್ಬರೂ ಕೈಯಾಡಿಸಿ ಗಿಡ ಕೀಳತೊಡಗಿದರು.

"ಬೀಜಕ್ಕರ ಆಗ್ತಾವೇನ್ರಿ?" ಎಂದು ಅವಳು ಕೇಳಿದಳು.

ಅವನು ಒಂದು ಕಾಯಿ ಸುಲಿದು ನೋಡಿದ. "ಹಸೀ ಅದಾವು. ಹುಟ್ಟೂದಿಲ್ಲ."

ದಡದ ಮೇಲೆ ಮಹಾರಾಜರು ಆ ದೃಶ್ಯಕ್ಕೆ ಮನಸೋತು, ಪ್ರತಿ ವರ್ಷ ಕಡಲೆ ಕಾಯಿಕಟ್ಟುವ ಹೊತ್ತಿಗೆ ಇದೇ ಹೊಲದಲ್ಲಿ ಸ್ಥೈರ್ಯೋತ್ಸವ ನಡೆಸಲು ಆಜ್ಞೆ ಮಾಡಿದರು. ನೀರಿನ ವ್ಯವಸ್ಥೆ ಸರಕಾರದ್ದು, ಬೀಜ ರೈತರೇ ತರತಕ್ಕದ್ದು.